ಲೈಕ್ ಎನ್ನುವುದೋ, ಲವ್ ಎನ್ನುವುದೋ?



ಮಂಗಳೂರಿನಲ್ಲಿ ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನೋದಿ, ಕಛೇರಿಯಲ್ಲಿ ಇಂಗ್ಲಿಷನ್ನು ಬರೆಯುವವರು ಬಹುಮಂದಿ. ಇಂತಹವರಿಗೆ ಇಂಗ್ಲಿಷ್ ವ್ಯಾಕರಣವು ಅಷ್ಟಾಗಿ ತೊಡಕನ್ನುಂಟುಮಾಡುವುದಿಲ್ಲ. ತೊಡಕಾಗುವುದು, ಒಂದು ವಸ್ತುವಾಗಲಿ ಒಬ್ಬ ವ್ಯಕ್ತಿಯಾಗಲಿ ತಮಗೆ ಬಹಳ ಇಷ್ಟವೆಂದು ಹೇಳಬೇಕಾದಾಗ. ಆಗ ಲೈಕ್ ಎನ್ನಬೇಕೆ, ಲವ್ ಎನ್ನಬೇಕೆ, ಎಂಜಾಯ್ ಎನ್ನಬೇಕೆ ಎಂದು ಲೇಖನಿ ನಿಂತುಬಿಡುತ್ತದೆ.

ಇದರ ಮೂಲವು ವಾಕ್ಯದ ಕಟ್ಟಿನಲ್ಲಿಯೇ ಇದೆ. "ನನಗೆ ನೀರುದೋಸೆ ಇಷ್ಟ" ಎನ್ನುವಾಗ ನಾನು ಕರ್ತೃವಲ್ಲ. ಇಷ್ಟವೆಂಬುದು ನನಗೆ ತಾನಾಗಿ ಬಂದೊದಗಿದ್ದು. ತುಳುವಿನ "ಎಂಕ್", ಕೊಂಕಣಿಯ "ಮ್ಹಾಕಾ" ಎಂಬ ಮಾತುಗಳೂ ಇದೇ ಚತುರ್ಥಿಯವು. ಇಂಗ್ಲಿಷಿನವನಾದರೋ "ಐ ಲೈಕ್" ಎಂದು ತಾನೇ ಮುಂದೆ ಬಂದು ನಿಲ್ಲುತ್ತಾನೆ. ಪೂರ್ವದಲ್ಲಿ ಅವನೂ ನಮ್ಮಂತೆಯೇ ನುಡಿಯುತ್ತಿದ್ದನೆಂಬುದು ವಿನೋದದ ಸಂಗತಿ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ "ಹಿಡಿಸು" ಎಂದರ್ಥ. ವಸ್ತುವೇ ಮನುಷ್ಯನಿಗೆ ಹಿಡಿಸುತ್ತಿತ್ತು. ಫಾಂಡ್ ಎಂಬುದಕ್ಕೆ ಮೊದಲಿದ್ದ ಅರ್ಥ ಮರುಳು. ಅಡೋರ್ ಎಂಬುದಕ್ಕೆ ಪೂಜಿಸು. ಈ ಹಳೆಯ ವಾಸನೆಯು ಇನ್ನೂ ಪೂರ್ತಿ ಹೋಗಿಲ್ಲ. ಗೋಳಿಬಜೆಯನ್ನು ಅಡೋರ್ ಮಾಡುತ್ತೇನೆಂದರೆ ಕೇಳಿದವರು ನಗುವುದು ಅದರಿಂದಲೇ.

ನಿಘಂಟನ್ನು ತೆರೆದರೆ ಸಾಲದೆ ಎನ್ನಬಹುದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಪ್ರಕಟಿಸಿದ ಕಿಟೆಲರ ಮಹಾಕೋಶವು ಕನ್ನಡದ ಒಂದೊಂದು ಪದದ ಎದುರಿಗೂ ಇಂಗ್ಲಿಷ್ ಅರ್ಥಗಳನ್ನು ಸಾಲಾಗಿ ಇರಿಸಿದೆ. ಕನ್ನಡವನ್ನು ಕಲಿಯಬಂದವನಿಗೆ ಅದು ದೊಡ್ಡ ನೆರವು. ಆದರೆ ಇಂಗ್ಲಿಷಿಗೆ ಹೊರಟ ನಮಗೆ, ಸಾಲಿನಲ್ಲಿರುವ ಪದಗಳಲ್ಲಿ ಯಾವುದು ಬಿಸಿ, ಯಾವುದು ಉಗುರುಬೆಚ್ಚಗೆ ಎಂಬುದು ತಿಳಿಯದು.

ವಸ್ತುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪಣಂಬೂರಿನ ಕಡಲನ್ನಾಗಲಿ ಹಲಸಿನ ಹಣ್ಣನ್ನಾಗಲಿ ಲವ್ ಮಾಡುತ್ತೇನೆಂದರೆ ಯಾರಿಗೂ ಹಾನಿಯಿಲ್ಲ. ಇಂಗ್ಲಿಷರೇ ಹಾಗೆ ನುಡಿಯುತ್ತಾರೆ. ನಮ್ಮ "ಬಹಳ ಇಷ್ಟ"ವನ್ನು ಪದಕ್ಕೆ ಪದವಿಟ್ಟು "ವೆರಿ ಲೈಕ್" ಎನ್ನದಿದ್ದರೆ ಸಾಕು. "ವೆರಿ ಮಚ್" ಎಂದು ವಾಕ್ಯದ ಕೊನೆಗೆ ಹೇಳಬೇಕು. "ಐ ಆಮ್ ಲೈಕಿಂಗ್" ಎಂಬುದನ್ನು ಮೇಷ್ಟರುಗಳು ತಲೆಮಾರುಗಳಿಂದ ತಿದ್ದುತ್ತ ಬಂದರು. 2003ರಲ್ಲಿ ಮೆಕ್‌ಡೊನಾಲ್ಡ್ಸ್ ಎಂಬ ಅಮೆರಿಕದ ಭೋಜನಶಾಲೆಯವರು ಅದೇ ಬಗೆಯ "ಲವಿಂಗ್" ಅನ್ನು ತಮ್ಮ ಜಾಹೀರಾತಿನ ಘೋಷವಾಕ್ಯ ಮಾಡಿಕೊಂಡರು. ಪಾಪ, ಮೇಷ್ಟರುಗಳು!

ಎಂಜಾಯ್ ಎಂಬುದಕ್ಕೆ ಬೇರೊಂದು ನಿಯಮವುಂಟು. "ರಾತ್ರಿಯಿಡೀ ಯಕ್ಷಗಾನ ನೋಡಿ ಎಂಜಾಯ್ ಮಾಡಿದೆವು" ಎಂದು ಕನ್ನಡದಲ್ಲಿ ಹೇಳಿದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಏನನ್ನು ಎಂಜಾಯ್ ಮಾಡಿದಿರೆಂದು ಹೇಳದೆ ಬಿಟ್ಟರೆ ವಾಕ್ಯವು ಒಂಟಿಕಾಲಿನಲ್ಲಿ ನಿಲ್ಲುತ್ತದೆ. ನ್ಯಾಯಾಲಯದ ದಸ್ತಾವೇಜುಗಳಲ್ಲಿ ಬರುವ "ಸ್ವಾಧೀನಾನುಭವ"ದ ಅನುಭವವೂ ಈ ಎಂಜಾಯ್‌ಮೆಂಟೇ. ವಕೀಲರ ಮನೆಯ ಹುಡುಗನಿಗೆ ಇಷ್ಟು ಹೇಳಿದರೆ, ಅನುಭವಿಸಲು ಆಸ್ತಿ ಬೇಕೆಂಬುದು ತಟ್ಟನೆ ಹೊಳೆದೀತು.

ನಿಜವಾದ ಕಷ್ಟವಿರುವುದು ಮನುಷ್ಯರ ವಿಷಯದಲ್ಲಿ. ಒಬ್ಬರನ್ನು ಲೈಕ್ ಮಾಡುತ್ತೇನೆಂದರೆ, ಅವರು ಒಳ್ಳೆಯವರು, ಅವರ ಸಂಗಡ ಕುಳಿತಿರಲು ಬೇಸರವಿಲ್ಲ ಎಂದಷ್ಟೆ. ಲವ್ ಎಂದವರಿಗೆ "ಲೈಕ್ ಯು ವೆರಿ ಮಚ್" ಎಂದು ಉತ್ತರ ಬಂದರೆ ಅದು ನಿರಾಕರಣೆಯೇ. ನಮ್ಮ "ಬಹಳ ಇಷ್ಟ"ದ ಭರವಸೆಯಲ್ಲಿ ಅದನ್ನು ಒಪ್ಪಿಗೆಯೆಂದು ಓದಿಕೊಂಡವನ ಗತಿಯನ್ನು ಊಹಿಸಿಕೊಳ್ಳಿ.

ಇನ್ನು ಲವ್ ಎಂಬ ಮಾತಿಗೇ ನಮ್ಮವರು ಅಂಜುತ್ತಾರೆ. ನಮ್ಮ ಮನೆಗಳಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ವಾಡಿಕೆಯಿಲ್ಲ, ತುಳುವ ತಾಯಿಯು "ವಣಸ್ ಆಂಡಾ?" ಎಂದು ಊಟವನ್ನು ವಿಚಾರಿಸಿದರೆ ಮೋಕೆಯೆಲ್ಲ ಅದರಲ್ಲಿಯೇ ಸೇರಿತು. ಅಲ್ಲದೆ ಲವ್ ಎಂದರೆ ಪ್ರಣಯವೇ ಎಂಬ ಅಳುಕು ಬೇರೆ. ಆ ಪದದ ವ್ಯಾಪ್ತಿಯು ಅಷ್ಟು ಕಿರಿದಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ "ಚಾರಿಟಿ" ಎಂದಿದ್ದ ಕಡೆ, 1881ರ ಪರಿಷ್ಕರಣದವರು "ಲವ್" ಎಂದೇ ಇರಿಸಿದರು.

ಪರದೇಶದಲ್ಲಿರುವ ಗೆಳೆಯನ ತಾಯಿ ತೀರಿಕೊಂಡರೆನ್ನಿ. ಆಕೆಯ ಕೈಯ ಊಟವನ್ನು ಹತ್ತು ವರ್ಷ ಉಂಡವನು ಇಂಗ್ಲಿಷಿನಲ್ಲಿ ಸಂತಾಪಪತ್ರವನ್ನು ಬರೆಯಲು ಕುಳಿತಿದ್ದಾನೆ. ಸಂಕೋಚದಿಂದ "ಐ ಲೈಕ್ಡ್ ಯುವರ್ ಮದರ್" ಎಂದು ಬರೆದರೆ, ಆಕೆಯ ಇಂಗ್ಲಿಷ್ ಸೊಸೆಗೆ ಅದು ನೆರೆಮನೆಯವರ ಉಪಚಾರದಂತೆ ತೋರುವುದು. "ಎಂಜಾಯ್ಡ್" ಎಂದು ತಾಯಿಯನ್ನು ಕುರಿತು ಬರೆಯುವುದು ಸಲ್ಲದು. "ವೆರಿ ಫಾಂಡ್ ಆಫ್ ಹರ್" ಎಂಬಲ್ಲಿ ಅಕ್ಕರೆಯುಂಟು, ಮರ್ಯಾದೆಯೂ ಉಂಟು. ಲವ್ ಎಂದು ಬರೆಯಲು ಕೈ ಬಾರದವನು ಇದನ್ನು ಬರೆಯಬಹುದು. ಕೈ ಬಂದರೆ "ಐ ಲವ್ಡ್ ಹರ್" ಎಂದೇ ಬರೆದು, ಕೆಳಗೆ ಹೆಸರು ಹಾಕಲಿ. ವೆರಿ ಮಚ್ ಬೇಕಿಲ್ಲ.