ಸಂಕದ ತುಕ್ಕನ್ನು ಪರೀಕ್ಷಿಸುವ ಬಗೆ

(ಮಟ್ಟು ಗ್ರಾಮದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗುಳ್ಳದ ಹೆಡಿಗೆ ಹೊತ್ತು ದಾಟುವ ಸಂಕ ಕಬ್ಬಿಣದ್ದಾದರೆ ಅದರ ತುಕ್ಕಿನ ಮೇಲೆ ನಿಮ್ಮ ಕಣ್ಣಿರಬೇಕು. ತಾಮ್ರ, ಕ್ರೋಮಿಯಂಗಳನ್ನು ತುಸು ಬೆರೆಸಿದ ಒಂದು ಜಾತಿಯ ಉಕ್ಕು 1933ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದಕ್ಕೆ ಬಣ್ಣ ಬಳಿಯುವುದಿಲ್ಲ; ನೆನೆದು ಒಣಗುತ್ತಾ ಮೇಲೆ ಕಟ್ಟುವ ತುಕ್ಕೇ ಅಂಗಿಯಂತೆ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಒಣಗಲು ಬಿಡುವು ಬೇಕು, ಉಪ್ಪು ತಾಗಬಾರದು. ನಮ್ಮ ಮಟ್ಟುವಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಈ ಉಪ್ಪುಗಾಳಿಯಲ್ಲಿ ಆ ಅಂಗಿ ಭದ್ರವಾಗಿ ಕೂರುವುದಿಲ್ಲ. ಅಂಥ ಉಕ್ಕನ್ನು ಇಲ್ಲಿ ಬಣ್ಣವಿಲ್ಲದೆ ನಿಲ್ಲಿಸುವುದು ತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ.

ತುಕ್ಕಿನ ಬಣ್ಣ ನೋಡಿ ತೀರ್ಮಾನಿಸಬೇಡಿ, ಕೈಯಿಂದ ತಿಳಿಯಿರಿ. ಈ ಉಕ್ಕನ್ನು ಉಜ್ಜಿದಾಗ ನಯವಾದ ಹುಡಿ ಮಾತ್ರ ಹತ್ತಿದರೆ ಭಯವಿಲ್ಲ. ಯಾವ ಉಕ್ಕೇ ಆಗಲಿ, ಸುತ್ತಿಗೆ ತಟ್ಟಿದಾಗ ಹಕ್ಕಳೆ ಹಕ್ಕಳೆಯಾಗಿ ಕಳಚಿದರೆ ಒಳಗೆ ಸವೆಯುತ್ತಿದೆಯೆಂದೇ ಅರ್ಥ. ತುಕ್ಕು ಲೋಹಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ತೊಲೆ ದಪ್ಪವಾಗಿ ಕಂಡಿತೆಂದು ನಂಬಬೇಡಿ. ಮಳೆ ತೊಳೆಯದ ಅಡಿಭಾಗ, ಬೋಲ್ಟಿನ ಸಂದು, ತರಗೆಲೆ ಸೇರಿದ ಮೂಲೆ ಇವನ್ನು ಮೊದಲು ನೋಡಿ. ಕಸ ಗುಡಿಸಿ ಸಿಹಿನೀರಿನಲ್ಲಿ ತೊಳೆಯುವುದು ಊರವರಿಂದಲೇ ಆಗುವ ಕೆಲಸ. ಉಳಿದ ದಪ್ಪವನ್ನು ಇಂಜಿನಿಯರರು ಶಬ್ದತರಂಗದ ಯಂತ್ರದಿಂದ ಅಳೆಯುತ್ತಾರೆ. ಪದರ ಕಳಚುವುದು ಕಂಡೊಡನೆ ಪಂಚಾಯತಿಗೆ ಬರೆದು ಕೊಡಿ. ಅವರು ಬಂದು ಅಳೆಯುವ ತನಕ ಭಾರದ ಗಾಡಿಯನ್ನು ಅದರ ಮೇಲೆ ಬಿಡಬೇಡಿ.