ಕುದುರೆ ಸಿಕ್ಕಿಬಿದ್ದ ಮನೆ: 2084

ಇವತ್ತಿನ ಸಂಚಿಕೆಗೆ ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್ ಇದ್ರ ಛಲೋ. ಚಿಗರಿ ಬಸ್ಸಿನಾಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊಂಟವರು ಸುಮ್ನ ಕೇಳ್ರಿ, ಮನೀಗೆ ಹೋಗಿ ಬರೀಬಹುದು.

ಹಾಳೆಯ ನಡುವಿನ ಮನೆಯಲ್ಲಿ 1 ಬರೆಯಿರಿ. ಬಲಕ್ಕೆ 2, ಅದರ ಮೇಲೆ 3, ಎಡಕ್ಕೆ ತಿರುಗಿ 4, 5, ಕೆಳಗೆ 6, 7. ಹಿಂಗ ಜಿಲೇಬಿ ಬಿಟ್ಟಂಗ ಸುತ್ತುತ್ತಾ ಹೊರಗೆ ಹೋಗ್ರಿ. ಈಗ 1ರ ಮೇಲೆ ಚೆಸ್ಸಿನ ಕುದುರೆ ಇಡಿ. ನಿಯಮ ಒಂದೇ: ಹಾರಬಹುದಾದ ಮನೆಗಳಲ್ಲಿ, ಇನ್ನೂ ಮುಟ್ಟದ ಅತಿ ಸಣ್ಣ ಸಂಖ್ಯೆಗೆ ಹಾರಬೇಕು.

ಸಿಗೋದು ಇದು: 1, 10, 3, 6, 9, 4, 7, 2, 5, 8. ನೋಡಿದ್ರಲ್ಲ? ಮೊದಲ ಹತ್ತು ಹೆಜ್ಜೆಯೊಳಗ ಒಂದರಿಂದ ಹತ್ತರವರೆಗೆ ಎಲ್ಲಾ ಮುಗೀತು, ಒಂದೂ ಬಿಡಲಿಲ್ಲ. ಇನ್ನೊಂದು, ಬೆಸ, ಸಮ, ಬೆಸ, ಸಮ ಅಂತಲೇ ಬರ್ತದ. ಕುದುರೆ ಪ್ರತಿ ಸಲ ಬಿಳಿಯಿಂದ ಕರಿಗೆ, ಕರಿಯಿಂದ ಬಿಳಿಗೆ ಹಾರ್ತದ. ಸುರುಳಿಯಲ್ಲಿ ಬೆಸಸಂಖ್ಯೆ ಎಲ್ಲಾ ಒಂದೇ ಬಣ್ಣದ ಮೇಲೆ ಬೀಳ್ತಾವ. ಬಿಕಾಂ ಓದಿದ ನನಗೆ ಇದು ಟ್ರಯಲ್ ಬ್ಯಾಲೆನ್ಸ್ ಇದ್ದಂಗ. ಎಲ್ಲ ತಪ್ಪೂ ಸಿಗೂದಿಲ್ಲ, ಕೆಲವು ತಕ್ಷಣ ಸಿಗ್ತಾವ.

ಹಾಳೆಗೆ ಕೊನೆಯೇ ಇಲ್ಲ ಅಂದ್ಕೋರಿ. ಹಂಗಿದ್ರೂ 2016ನೇ ಸಂಖ್ಯೆಗೆ, ಅಂದ್ರೆ 2084ರ ಮನೆಗೆ ಬಂದಾಗ ಸುತ್ತಲಿನ ಎಂಟೂ ಮನೆ ಮುಟ್ಟಿಯಾಗಿರ್ತಾವ. ಕುದುರೆ ಅಲ್ಲೇ ಬಂದ್! ನೀಲ್ ಸ್ಲೋನ್ 1964ರಲ್ಲಿ ಶುರುಮಾಡಿದ ಸಂಖ್ಯಾಶ್ರೇಣಿಗಳ ಸಂಗ್ರಹದಲ್ಲಿ ಇದು ಎ316667.

ನಮ್ಮ ಕಡೆ ಈ ಹುಚ್ಚು ಹಳೇದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 64 ಮನೆಯನ್ನೂ ಕುದುರೆಯಿಂದ ಒಂದೊಂದೇ ಸಲ ಮುಟ್ಟಿಸಿ, ಹೆಜ್ಜೆಗೆ ನಂಬರ್ ಹಾಕಿದ ಬಂಧ ರಚಿಸಿದರು. ಅದರ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದ್ರ 260. ಒಂದರಿಂದ 64ರ ಮೊತ್ತ 2080, ಅದರ ಎಂಟನೇ ಒಂದು ಪಾಲು.

ಇಲ್ಲಿ ಸ್ವಲ್ಪ ನಿಲ್ಲೋಣ. ಅದನ್ನ "ಪೂರ್ಣ ಮಾಯಾಚೌಕ" ಅಂತ ಯಾರಾದ್ರೂ ಫಾರ್ವರ್ಡ್ ಮಾಡಿದ್ರ ಒಪ್ಪಬ್ಯಾಡ್ರಿ. ಹಂಗ ಅನ್ನಿಸ್ಕೊಳ್ಳಾಕ ಎರಡೂ ಕರ್ಣ 260 ಆಗಬೇಕು. 2003ರಲ್ಲಿ ಕಂಪ್ಯೂಟರ್ 61 ದಿನಕ್ಕೂ ಹೆಚ್ಚು ಲೆಕ್ಕ ಹಾಕಿ ಹೇಳಿತು: 8x8 ಹಲಗೆಯಲ್ಲಿ ಅಂಥದ್ದು ಒಂದೂ ಇಲ್ಲ. ಸಾಲು-ಕಂಬ ಮಾತ್ರ ಹೊಂದುವಂಥವು, ತಿರುಗಿಸಿದ್ದು, ಕನ್ನಡಿಯಲ್ಲಿ ಕಂಡದ್ದು ಬಿಟ್ಟರೆ, ಬರೇ 140. ಅರಸರು ಅಂಥದ್ದೊಂದನ್ನ ಕೈಯಿಂದಲೇ ಹುಡುಕಿದ್ರು. ಇದಕ್ಕಿಂತ ಹೊಗಳಿಕೆ ಯಾಕ ಬೇಕ್ರಿ? ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳದ್ದೇ ದೊಡ್ಡ ಭಂಡಾರ ಐತಿ. ಅದಕ್ಕ ಇನ್ನೊಂದು ಸಂಚಿಕೆ ಮಾಡೂಣು.

ಅಲ್ಲಿತನಕ ನಿಮ್ಮ ಸುರುಳಿ ಮುಂದುವರಿಸ್ರಿ. 8 ಆದಮ್ಯಾಲೆ 11, 14, 29... ಇಪ್ಪತ್ತನೇ ಸಂಖ್ಯೆ 20 ಬಂದ್ರ ನಿಮ್ಮ ಲೆಕ್ಕ ಸರಿ. ಉಳಿದ 1996 ನಿಮಗ ಬಿಟ್ಟಿದ್ದು.