ಸೂಜಿಯ ಸಂಪಾದನೆ ಯಾರ ಸೊತ್ತು?

(ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಮಹಿಳೆಯರಿಗಾಗಿ ಬಸವನಗುಡಿಯಲ್ಲಿ ನಡೆದ ಸಭೆಯಲ್ಲಿ ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣ)

ಹೊಲಿಗೆ, ಕಸೂತಿ, ಕೌದಿ ಇವುಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದೀರಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದವಳು. ಆದ್ದರಿಂದ ಹೊಲಿಗೆಯ ಅಂದಚೆಂದದ ಬಗ್ಗೆ ಅಲ್ಲ, ಅದರ ದುಡ್ಡಿನ ಬಗ್ಗೆ ಮಾತಾಡುತ್ತೇನೆ. ಹೆಂಗಸಿನ ದುಡ್ಡಿನ ಮಾತು ಎತ್ತಿದರೆ ವರದಕ್ಷಿಣೆಯ ಮಾತು, ಹೊಡೆತ ಬಡಿತದ ಮಾತು ತಾನಾಗಿಯೇ ಹಿಂದೆ ಬರುತ್ತದೆ.

ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಎಷ್ಟೋ ಮನೆಗಳ ಗೇಟಿಗೆ ಒಂದು ಪುಟ್ಟ ಬೋರ್ಡು ಕಟ್ಟಿರುತ್ತದೆ: ಸೀರೆಗೆ ಫಾಲ್ಸ್ ಹಚ್ಚಿ, ಜಿಗ್‌ಜಾಗ್ ಮಾಡಿ, ಕುಚ್ಚು ಕಟ್ಟಿಕೊಡಲಾಗುವುದು. ಚಿಕ್ಕಪೇಟೆಯಲ್ಲಿ ಕೊಂಡ ಮದುವೆ ಸೀರೆ ಉಡುವ ಮುಂಚೆ ಇಂಥ ಒಂದು ಮನೆಗೆ ಬಂದು ಹೋಗುತ್ತದೆ. ಗೌರಿ ಹಬ್ಬ ಹತ್ತಿರ ಬಂದಾಗ, ಮದುವೆಯ ತಿಂಗಳುಗಳಲ್ಲಿ, ಅಡಿಗೆಮನೆ ತೊಳೆದಾದ ಮೇಲೆ ರಾತ್ರಿ ಹನ್ನೊಂದರವರೆಗೂ ಅಲ್ಲಿ ದೀಪ ಉರಿಯುತ್ತದೆ. ಆದರೆ ಆ ಮನೆಯ ಗಂಡಸನ್ನು "ನಿಮ್ಮ ಹೆಂಡತಿ ಏನು ಮಾಡ್ತಾರೆ?" ಎಂದು ಕೇಳಿ ನೋಡಿ. "ಏನೂ ಇಲ್ಲ, ಮನೇಲೇ ಇದ್ದಾಳೆ. ಪುರುಸೊತ್ತಾದಾಗ ಒಂದಿಷ್ಟು ಹೊಲೀತಾಳೆ" ಎನ್ನುತ್ತಾರೆ. ಕೇಳಿದರೆ ನಾವೂ ಅದನ್ನೇ ಹೇಳುತ್ತೇವೆ.

ಈ 'ಪುರುಸೊತ್ತು' ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಿ. ಪುರುಸೊತ್ತಿನಲ್ಲಿ ಮಾಡಿದ್ದು ಕೆಲಸವಲ್ಲ. ಕೆಲಸವಲ್ಲದ್ದಕ್ಕೆ ಕೂಲಿ ಇಲ್ಲ. ಕೂಲಿ ಇಲ್ಲದ ಮೇಲೆ ಬಂದ ಕಾಸು ಸಂಪಾದನೆಯಲ್ಲ, ಮನೆಯ ಖರ್ಚಿಗೆ ಸಿಕ್ಕ ಚಿಲ್ಲರೆ. ಹೀಗೆ ಒಂದು ಮಾತಿನಿಂದಲೇ ನಮ್ಮ ದುಡಿಮೆ ನಮ್ಮ ಕೈ ಬಿಡುತ್ತದೆ.

ಕೌದಿಯ ಉದಾಹರಣೆ ತೆಗೆದುಕೊಳ್ಳಿ. ಅಜ್ಜಿಯ ಸೀರೆ, ತಾತನ ಪಂಚೆ ಪದರ ಪದರವಾಗಿ ಹಾಸಿ, ಸಾಲು ಹೊಲಿಗೆ ಹಾಕಿ, ಬಾಣಂತಿಗೂ ಕೂಸಿಗೂ ಹೊದಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಮನೆ ಅಪರೂಪವಾಗಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಇಂದು ಪರದೇಶದ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗುತ್ತವೆ. ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತಾ ಬಂದು, ನಾಲ್ಕು ಮೂಲೆಗೂ ಬಟ್ಟೆಯ ಹೂವು ಇಟ್ಟ ಮೇಲೆಯೇ ಅವರಿಗೆ ಕೌದಿ ಮುಗಿದಂತೆ. ಮನೆಮಂದಿಗೆ ಹೊಲಿದಾಗ ಬೆಲೆಯ ಪ್ರಶ್ನೆ ಬರುವುದಿಲ್ಲ. ಮಾರಲು ಹೊಲಿದಾಗ ಬರುತ್ತದೆ.

ಒಂದು ಲೆಕ್ಕ ಹಾಕೋಣ. ದಿನಕ್ಕೆ 4 ಗಂಟೆಯಂತೆ 20 ದಿನ ಕುಳಿತು ಒಂದು ಕೌದಿ ಮುಗಿಸಿದಿರಿ ಎನ್ನಿ. ಅಲ್ಲಿಗೆ 80 ಗಂಟೆ. ಅಂಗಡಿಯವರು 1,200 ರೂಪಾಯಿ ಕೊಟ್ಟರು. ದಾರ, ಒಳಬಟ್ಟೆಗೆ 300 ರೂಪಾಯಿ ಕಳೆಯಿರಿ. ಉಳಿದ 900ನ್ನು 80ರಿಂದ ಭಾಗಿಸಿದರೆ ಗಂಟೆಗೆ 11 ರೂಪಾಯಿ 25 ಪೈಸೆ. "ಹಳೇ ಬಟ್ಟೆ ತಾನೇ, ಇಷ್ಟು ಸಿಕ್ಕಿದ್ದೇ ಹೆಚ್ಚು" ಎನ್ನುವವರು ಬಟ್ಟೆಗೆ ಬೆಲೆ ಕಟ್ಟಿದರು. ನಿಮ್ಮ ಕಣ್ಣು, ಬೆನ್ನು, ಹೊತ್ತು ಇವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅಹಮದಾಬಾದಿನಲ್ಲಿ ಬಟ್ಟೆ ಗಿರಣಿಗಳ ಚಿಂದಿ ತಂದು ಕೌದಿ ಹೊಲಿಯುತ್ತಿದ್ದ ಹೆಂಗಸರ ಸ್ಥಿತಿಯೂ ಹೀಗೆಯೇ ಇತ್ತು. ವ್ಯಾಪಾರಿ ಹೇಳಿದ್ದೇ ದರ. ಇಳಾ ಭಟ್ಟರು 1972ರಲ್ಲಿ ಕಟ್ಟಿದ 'ಸೇವಾ' ಸಂಘಟನೆಯನ್ನು ಸೇರಿ ಅವರು ಒಟ್ಟಾಗಿ ದರ ಕೇಳಿದರು, ಆಮೇಲೆ ತಮ್ಮದೇ ಸಹಕಾರ ಸಂಘ ಮಾಡಿಕೊಂಡರು. ಮನೆಯಲ್ಲಿ ಕುಳಿತು ಮಾಡುವ ಕೆಲಸವೂ ಕೆಲಸವೇ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಇದು ಹೊರಗಿನ ಶೋಷಣೆ. ಈಗ ಮನೆಯ ಒಳಗೆ ಬರೋಣ.

ನಮ್ಮ ಹಳೆಯ ಧರ್ಮಶಾಸ್ತ್ರದಲ್ಲಿ ಸ್ತ್ರೀಧನದ ಚರ್ಚೆ ದೊಡ್ಡದು. ತವರಿನವರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು ಹೆಣ್ಣಿನದು ಎನ್ನುತ್ತದೆ. ಆದರೆ ಕಾತ್ಯಾಯನ ಸ್ಮೃತಿ ಒಂದು ಗೆರೆ ಎಳೆಯುತ್ತದೆ: ಹೆಣ್ಣು ತನ್ನ ಕೈಕೆಲಸದಿಂದ ಗಳಿಸಿದ ಹಣದ ಮೇಲೆ ಗಂಡನಿಗೇ ಸ್ವಾಮ್ಯ. ಗಮನಿಸಿ ಗೆಳತಿಯರೇ, ಬೇರೆಯವರು ಕೊಟ್ಟದ್ದು ಅವಳದು, ತಾನೇ ದುಡಿದದ್ದು ಅವಳದಲ್ಲ! ಕಾನೂನು ಈ ಗೆರೆಯನ್ನು ಅಳಿಸಿದ್ದು 1956ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನ ಪ್ರಕಾರ ಹೆಣ್ಣು ತನ್ನ ಕೌಶಲದಿಂದ, ಪರಿಶ್ರಮದಿಂದ ಗಳಿಸಿದ ಆಸ್ತಿಗೆ ಅವಳೇ ಸಂಪೂರ್ಣ ಒಡತಿ. ಮುಸ್ಲಿಂ ಕಾನೂನಿನಲ್ಲಿ ಹೆಂಡತಿಯ ಆಸ್ತಿ ಮೊದಲಿನಿಂದಲೂ ಅವಳದೇ. ಕ್ರೈಸ್ತ ಮಹಿಳೆಯರ ದುಡಿಮೆಗೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಇದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಮನೆಗಳಲ್ಲಿ ಮಾತ್ರ ಇನ್ನೂ ಕಾತ್ಯಾಯನನ ಆಳ್ವಿಕೆ ನಡೆದಿದೆ.

ನಾನು ಬಲ್ಲ ಒಂದು ಮನೆಯ ಕತೆ ಹೇಳುತ್ತೇನೆ. ಹೆಸರು, ಬೀದಿ ಬೇಡ. ಮದುವೆಯಲ್ಲಿ ತವರಿನಿಂದ ಒಂದು ಹೊಲಿಗೆ ಯಂತ್ರ ತಂದ ಹುಡುಗಿ. ವಠಾರದ ಹೆಂಗಸರಿಗೆಲ್ಲ ರವಿಕೆ ಹೊಲಿದಳು. ದುಡ್ಡನ್ನು ಗಿರಾಕಿಗಳ ಕೈಯಿಂದಲೇ ಅತ್ತೆ ಇಸಿದುಕೊಳ್ಳುತ್ತಿದ್ದರು. ಮೂರು ವರ್ಷ ಕೂಡಿದ ಆ ಹಣ ನಾದಿನಿಯ ಮದುವೆಯಲ್ಲಿ ವರನ ಕಡೆಯವರಿಗೆ ಹೋಯಿತು. ಒಬ್ಬಳ ವರದಕ್ಷಿಣೆಗೆ ಇನ್ನೊಬ್ಬಳ ರವಿಕೆ ಹೊಲಿಗೆ! ಮಗುವಿನ ಶಾಲೆಯ ಫೀಸಿಗೆ ತನ್ನ ದುಡ್ಡು ಕೇಳಿದ ದಿನ ಗಂಡ ಹೊಡೆದ. ಮಾರನೆಯ ವಾರ ಯಂತ್ರವನ್ನು ಯಾರಿಗೋ ಮಾರಿದ.

ಆ ಹುಡುಗಿಯ ಬಳಿ ಒಂದು ಅಳತೆ ಪುಸ್ತಕ ಇತ್ತು. ಎದೆ, ತೋಳು, ಉದ್ದದ ಅಳತೆಯ ಪಕ್ಕದಲ್ಲಿ ಗಿರಾಕಿಯ ಹೆಸರು, ತಾರೀಖು, ಕೊಟ್ಟ ಹಣ ಎಲ್ಲವನ್ನೂ ಬರೆದಿಟ್ಟಿದ್ದಳು. ಅವಳು ಕೋರ್ಟಿಗೆ ಹೋದಾಗ ವಕೀಲರು ಮುಂದಿಟ್ಟದ್ದು ಆ ಪುಸ್ತಕವನ್ನೇ. ಯಂತ್ರದ ನಷ್ಟ ಕಟ್ಟಿಕೊಡಬೇಕಾಯಿತು. ಮೂರು ವರ್ಷದ ದುಡ್ಡು ಮಾತ್ರ ಇನ್ನೂ ಬಂದಿಲ್ಲ.

ಇಂಥ ದಾವೆಗೆ ದಾರಿ ಮಾಡಿದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹೊಡೆಯುವುದು, ಬೈಯುವುದು ಮಾತ್ರವಲ್ಲ, ಹೆಣ್ಣಿನ ಹಣ, ಸ್ತ್ರೀಧನ ಅವಳಿಗೆ ಸಿಗದಂತೆ ಮಾಡುವುದನ್ನೂ ಈ ಕಾಯಿದೆ ಆರ್ಥಿಕ ದೌರ್ಜನ್ಯ ಎನ್ನುತ್ತದೆ. ಸೊತ್ತನ್ನು ಒಡೆದರೆ, ಸಾಗಿಸಿದರೆ ನಷ್ಟ ಕೇಳಬಹುದು, ಹೋದ ಸಂಪಾದನೆಯನ್ನೂ ಕೇಳಬಹುದು. ಸ್ತ್ರೀಧನ ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅವರದಾಗುವುದಿಲ್ಲ, ಹಿಂದಿರುಗಿಸದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ ಎಂದು ಸರ್ವೋಚ್ಚ ನ್ಯಾಯಾಲಯ ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲೇ ತೀರ್ಪು ಕೊಟ್ಟಿದೆ.

ಆದ್ದರಿಂದ ನಾವು ಮಾಡಬೇಕಾದ ಕೆಲವು ಸಣ್ಣ ಕೆಲಸಗಳಿವೆ.

ಯಂತ್ರದ ರಸೀದಿ ನಿಮ್ಮ ಹೆಸರಿನಲ್ಲಿರಲಿ. ಯಂತ್ರದ ಮೇಲೆ ಕೆತ್ತಿರುವ ನಂಬರನ್ನು ಬರೆದಿಟ್ಟುಕೊಳ್ಳಿ. ಮದುವೆಯ ಉಡುಗೊರೆಯಾಗಿ ಬಂದಿದ್ದರೆ ಅದನ್ನು ಪಟ್ಟಿಯಲ್ಲಿ ಸೇರಿಸಿ. ಕೊಟ್ಟವರ ಹೆಸರು, ಅಂದಾಜು ಬೆಲೆ ಬರೆದು ವಧೂವರರಿಬ್ಬರೂ ಸಹಿ ಹಾಕುವ ಪಟ್ಟಿ ಇರಬೇಕೆಂದು 1985ರ ವರದಕ್ಷಿಣೆ ನಿಷೇಧ ನಿಯಮಗಳೇ ಹೇಳುತ್ತವೆ. ಅದರ ಒಂದು ಪ್ರತಿ ತವರಿನಲ್ಲಿರಲಿ.

ಅಳತೆ ಪುಸ್ತಕದಲ್ಲಿ ಅಳತೆಯ ಜೊತೆಗೆ ಹಣವನ್ನೂ ಬರೆಯಿರಿ. ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಬರೆಯಿರಿ. ಮುಂದಿನ ಸಲ ದರ ಹೇಳುವಾಗ ನಾಲಿಗೆ ತಡವರಿಸುವುದಿಲ್ಲ.

ಬ್ಯಾಂಕಿನ ಖಾತೆ ನಿಮ್ಮೊಬ್ಬರ ಹೆಸರಿನಲ್ಲಿರಲಿ, ಕಾರ್ಡು ನಿಮ್ಮ ಕೈಯಲ್ಲಿರಲಿ. ಈಗ ಗಿರಾಕಿಗಳು ಫೋನಿನಲ್ಲಿ ದುಡ್ಡು ಕಳಿಸುತ್ತಾರೆ. ನಿಮ್ಮ ಬಾಗಿಲಿಗೆ ಅಂಟಿಸಿದ ಕ್ಯೂಆರ್ ಚೀಟಿ ಯಾರ ಖಾತೆಯದು, ಇವತ್ತು ಮನೆಗೆ ಹೋಗಿ ನೋಡಿ. ಹಿಂದೆ ಅತ್ತೆ ಕೈಚಾಚಿ ಇಸಿದುಕೊಳ್ಳುತ್ತಿದ್ದರು. ಗಂಡನ ಖಾತೆಯ ಚೀಟಿಯಾದರೆ ಈಗ ಯಾರೂ ಕೈಚಾಚಬೇಕಾಗಿಯೇ ಇಲ್ಲ.

ಕೊನೆಯದಾಗಿ, ಒಬ್ಬೊಬ್ಬರೇ ದರ ಇಳಿಸಬೇಡಿ. ಕುಚ್ಚಿಗೆ ಇಷ್ಟು, ಕೌದಿಗೆ ಇಷ್ಟು ಎಂದು ಹತ್ತು ಮನೆಯವರು ಕೂತು ಮಾತಾಡಿ. ಹೆಂಗಸರು ಮನೆಯಿಂದಾಚೆ ಬಂದು ಕೂಡಿ ಕುಳಿತದ್ದು ಈ ಬಡಾವಣೆಗಳಿಗೆ ಹೊಸದಲ್ಲ. ಇಲ್ಲಿಯ ಮಹಿಳಾ ಸೇವಾ ಸಮಾಜ 1913ರಷ್ಟು ಹಳೆಯದು. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಹೆಂಗಸರಿಗೆ ಸಮಾಜ ಕಟ್ಟಿ, 'ಸರಸ್ವತಿ' ಪತ್ರಿಕೆ ನಡೆಸಿ, 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನೂ ತೆರೆದರು.

ಒಂದು ಎಚ್ಚರಿಕೆಯ ಮಾತು. ಹೊಡೆತ ತಿಂದು ಬಂದ ಹೆಣ್ಣಿಗೆ "ಒಂದು ಹೊಲಿಗೆ ಯಂತ್ರ ಕೊಡಿಸೋಣ, ತನ್ನ ಪಾಡಿಗೆ ದುಡಿದುಕೊಂಡು ಗಂಡನ ಜೊತೆಗಿರಲಿ" ಎನ್ನುವ ಹಿತೈಷಿಗಳು ಬಹಳ. ತವರಿನವರೂ ಹೇಳುತ್ತಾರೆ, ಕೆಲವು ಸಂಸ್ಥೆಗಳೂ ಹೇಳುತ್ತವೆ. ಹೊಲಿಗೆ ಯಂತ್ರ ಅನ್ನ ಕೊಡಬಹುದು, ಹೊಡೆಯುವ ಕೈಯನ್ನು ಹಿಡಿಯಲಾರದು. ಸಂಪಾದಿಸುವ ಹೆಂಡತಿಯ ಹಣಕ್ಕಾಗಿಯೇ ಹಿಂಸೆ ಹೆಚ್ಚಿದ ಮನೆಗಳೂ ಇವೆ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ, ಇರಲು ಜಾಗ, ಜೊತೆಗೆ ನಿಲ್ಲುವ ನಾಲ್ಕು ಜನ. 181ಕ್ಕೆ ಫೋನು ಮಾಡಲು, ರಕ್ಷಣಾಧಿಕಾರಿಯ ಹತ್ತಿರ ಜೊತೆಗೆ ಹೋಗಲು ಪಕ್ಕದ ಮನೆಯ ನಾವು ಸಿದ್ಧರಿರಬೇಕು. ಯಂತ್ರ ಆಮೇಲೆ.

ಈ ತಿಂಗಳಿನಿಂದಲೇ ಪ್ರತಿಯೊಬ್ಬರೂ ಒಂದು ಪುಸ್ತಕ ಇಡಿ. ಮುಂದಿನ ಸಭೆಗೆ ಅದನ್ನು ತನ್ನಿ. ಗಂಟೆಗೆ ಎಷ್ಟು ಬಿತ್ತು, ಆ ದುಡ್ಡು ಯಾರ ಕೈಗೆ ಹೋಯಿತು ಎಂದು ಒಟ್ಟಿಗೆ ಕೂತು ಲೆಕ್ಕ ಮಾಡೋಣ.